ಶಾಮಿಯಾನದ ಮಾವ, ಆಷಾಢದ ಗಾಳಿ

ಮೊನ್ನೆ ಅಟ್ಟದ ಮೇಲಿಂದ ಹಳೆಯ ಟೇಬಲ್ ಫ್ಯಾನು ಇಳಿಸೋಣವೆಂದು ಏಣಿ ಹತ್ತಿದವನ ಮೂಗಿಗೆ ಒಂದು ವಾಸನೆ ಬಡಿಯಿತು. ಮದುವೆಮನೆಯ ಶಾಮಿಯಾನವನ್ನು ಒದ್ದೆಯಲ್ಲೇ ಮಡಿಸಿಟ್ಟರೆ ಬರುತ್ತದಲ್ಲ, ಆ ಮುಗ್ಗಲು ವಾಸನೆ. ಅದರ ಜೊತೆಗೆ ಒಂದಿಷ್ಟು ಕೆರೆಯ ಪಾಚಿ, ಒಂದಿಷ್ಟು ರಬ್ಬರು, ಯಾವ ಕಾಲದ್ದೋ ಸಾರಿನ ಒಗ್ಗರಣೆ. ಫ್ಯಾನಿನ ಹಿಂದೆ ಕೆಂಪು ನೀಲಿ ಪಟ್ಟೆಯ ಉದ್ದನೆಯ ಚೀಲ ಮಲಗಿತ್ತು. ಮಾವ ತಮ್ಮ ಹರಿದ ಶಾಮಿಯಾನವನ್ನೇ ಕತ್ತರಿಸಿ ಹೊಲಿಸಿದ ಚೀಲ. ಒಳಗೇನಿದೆ ಎಂದು ನನಗೆ ಬಿಚ್ಚದೆಯೇ ಗೊತ್ತು. ಹಾಗೇ ಅಟ್ಟದ ಮೇಲೆ ಕೂತುಬಿಟ್ಟೆ. ಕೆಳಗಿನಿಂದ ಹೆಂಡತಿ ಎರಡು ಸಲ ಕೂಗಿದಳು. ಫ್ಯಾನೂ ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ಹೋದ ಮೇಲೂ ನನ್ನ ಕೆಲಸ ಕೆಡಿಸುವುದನ್ನು ಈ ಮಾವ ಬಿಟ್ಟಿಲ್ಲವಲ್ಲ ಎಂದು ರೇಗಿತು.

ಮಾವ ಎಂದರೆ ನನ್ನ ಹೆಂಡತಿಯ ತಂದೆ. ಟಿ. ನರಸೀಪುರದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಯಾರ ಮನೆಯ ಮದುವೆಯಾಗಲಿ, ತಿಥಿಯಾಗಲಿ, ಮಠದ ಕಾರ್ಯಕ್ರಮವಾಗಲಿ, ಮೊದಲು ಹೋಗಿ ಆಕಾಶ ನೋಡುತ್ತಿದ್ದವರು ಅವರು. ಮಳೆಗೆ ಹೆದರುತ್ತಿರಲಿಲ್ಲ. ಮಳೆ ಬಂದರೆ ಬಟ್ಟೆ ನೆನೆಯುತ್ತದೆ, ಅಷ್ಟೆ. ಗಾಳಿ ಎಂದರೆ ಮಾತ್ರ ಅವರಿಗೆ ದಾಯಾದಿ. ಗಾಳಿ ಶಾಮಿಯಾನದ ಕೆಳಗೆ ನುಗ್ಗಿತೆಂದರೆ ತಕ್ಷಣ ಒಂದು ಕಡೆಯ ಹಗ್ಗ ಬಿಟ್ಟುಬಿಡಬೇಕು. ಬಿಡದಿದ್ದರೆ ಕಂಬ ಸಮೇತ ಕೀಳುತ್ತದೆ. ಈ ಒಂದು ಪಾಠವನ್ನು ಅವರು ಜೀವಮಾನವಿಡೀ ಆಳುಗಳಿಗೆ ಕೂಗಿ ಕೂಗಿ ಹೇಳಿದ್ದರು. ಅದೇ ನನ್ನ ಪಾಲಿಗೆ ಮುಳುವಾಯಿತು.

ನಮ್ಮ ಮದುವೆ ಅವರ ಮನೆಯ ಮುಂದಿನ ಬಯಲಿನಲ್ಲೇ ಆಯಿತು. ಛತ್ರ ಬೇಡ, ನನ್ನ ಮಗಳ ಮದುವೆ ನನ್ನ ಶಾಮಿಯಾನದ ಕೆಳಗೇ ಆಗಬೇಕು ಎಂದು ಹಟ ಹಿಡಿದವರು ಅವರೇ. ಒಳ್ಳೆಯದನ್ನೆಲ್ಲ ತೆಗೆದು ಕಟ್ಟಿಸಿದ್ದರು. ಧಾರೆ ಸುಸೂತ್ರವಾಗಿ ಮುಗಿಯಿತು. ಎರಡನೇ ಪಂಕ್ತಿಗೆ ಎಲೆ ಹಾಕಿ ಪಾಯಸ ಬಡಿಸುತ್ತಿದ್ದಾಗ ಎಲ್ಲಿಂದಲೋ ಒಂದು ಸುಂಟರಗಾಳಿ ಬಂತು ನೋಡಿ... ಶಾಮಿಯಾನ ಒಂದೇ ಏಟಿಗೆ ಮೇಲೆದ್ದು ಪಕ್ಕದ ತೆಂಗಿನ ತೋಟಕ್ಕೆ ಹೋಗಿ ಕೂತಿತು. ಒಂದು ಕಂಬ ಸಾರಿನ ಹಂಡೆಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಎಲ್ಲರಿಗೂ ನಗು ಬಂತು. ನನ್ನ ಕಡೆಯ ನಂಟರು ನಂಜನಗೂಡಿಗೆ ಮರಳುವವರೆಗೂ ನಕ್ಕರು. ಶಾಮಿಯಾನದವನ ಮಗಳ ಮದುವೆಯಲ್ಲಿ ಶಾಮಿಯಾನವೇ ಇಲ್ಲ ಎಂಬುದು ಊರಿಗೇ ಗಾದೆಯಂತಾಯಿತು. ಮಾವ ನಗಲಿಲ್ಲ. ಬಿಸಿಲಿನಲ್ಲಿ ಊಟ ಮಾಡುತ್ತಿದ್ದ ಜನರ ನಡುವೆ ಟವೆಲ್ಲು ಹಿಡಿದು ನಿಂತಿದ್ದ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಅದಾದ ಸ್ವಲ್ಪ ದಿನಕ್ಕೆ ಕಬಿನಿ ಹಿನ್ನೀರಿನ ಕಡೆ ಯಾವುದೋ ರೆಸಾರ್ಟು ಮುಚ್ಚಿತು. ಅಲ್ಲಿನ ಕುರ್ಚಿ, ಟೆಂಟುಗಳನ್ನು ಮಾರುತ್ತಿದ್ದಾರೆಂದು ತಿಳಿದು ಮಾವ ಲಗೇಜ್ ಆಟೋ ಮಾಡಿಕೊಂಡು ಹೋದರು. ಬರುವಾಗ ಕುರ್ಚಿಯ ಜೊತೆ ಒಂದು ವಿಚಿತ್ರ ಸಾಮಾನೂ ಬಂತು. ಒಬ್ಬ ಆಳು ನಿಲ್ಲುವಷ್ಟು ಅಗಲದ ಹಲಗೆ, ಅದರ ಹೊಟ್ಟೆಯ ಕೆಳಗೆ ಉದ್ದನೆಯ ಒಂದು ಕಾಲು, ಕಾಲಿನ ತುದಿಗೆ ಪುಟ್ಟ ವಿಮಾನದಂಥ ರೆಕ್ಕೆ. ಇದು ನೀರಿನೊಳಗೆ ಇರುವ ಭಾಗ. ಕೈಯಲ್ಲಿ ಹಿಡಿಯಲು ಬೇರೆಯೇ ಒಂದು ದೊಡ್ಡ ಬಟ್ಟೆಯ ರೆಕ್ಕೆ, ಪಂಪಿನಲ್ಲಿ ಗಾಳಿ ತುಂಬಿ ಉಬ್ಬಿಸುವಂಥದ್ದು. ಹಲಗೆಯ ಮೇಲೆ ನಿಂತು ಆ ರೆಕ್ಕೆಯನ್ನು ಗಾಳಿಗೆ ಹಿಡಿದರೆ ಹಲಗೆ ಓಡುತ್ತದಂತೆ. ಓಟ ಸಾಕಷ್ಟು ಜೋರಾದರೆ ಹಲಗೆ ನೀರು ಬಿಟ್ಟು ಮೊಣಕಾಲೆತ್ತರ ಮೇಲೇಳುತ್ತದಂತೆ. ಆಮೇಲೆ ಆ ಒಂಟಿಕಾಲಿನ ಮೇಲೆ ತೇಲಿಕೊಂಡು ಹೋಗುವುದೇ. ವಿಂಗ್ ಫಾಯಿಲಿಂಗ್ ಎನ್ನುತ್ತಾರೆ. ಸಮುದ್ರದಲ್ಲಿ ಆಡುವ ಈ ಆಟದ ವಿಡಿಯೋಗಳನ್ನು ಮಾವ ಫೋನಿನಲ್ಲಿ ಹಗಲಿಡೀ ನೋಡತೊಡಗಿದರು. ಯಾರೇ ಬಂದರೂ ಅವರ ಮೂಗಿನ ಹತ್ತಿರಕ್ಕೆ ಫೋನು ಹಿಡಿದು ತೋರಿಸುತ್ತಿದ್ದರು. ತಮ್ಮನ್ನು ಊರ ಮುಂದೆ ನಗೆಪಾಟಲು ಮಾಡಿದ ಗಾಳಿಗೆ ಒಂದು ಸಲವಾದರೂ ಮೂಗುದಾರ ಹಾಕಿ ಕೆಲಸ ಮಾಡಿಸಬೇಕು, ಅದನ್ನು ಕಣ್ಣಾರೆ ನೋಡಬೇಕು. ಅವರಿಗೆ ಹತ್ತಿದ ಹುಚ್ಚು ಇಷ್ಟೆ.

ನಮ್ಮ ಸೀಮೆಯಲ್ಲಿ ಅಂಥ ಗಾಳಿ ಬೀಸುವುದು ಆಷಾಢದಲ್ಲಿ. ಆಷಾಢದಲ್ಲಿ ಮದುವೆಯಿಲ್ಲ, ಶಾಮಿಯಾನಕ್ಕೂ ರಜೆ. ಹೊಸದಾಗಿ ಮದುವೆಯಾದ ಹೆಣ್ಣನ್ನು ತವರಿಗೆ ಕರೆದೊಯ್ಯುವುದೂ, ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯಬಾರದು ಎನ್ನುವುದೂ ಆಗಲೇ. ಹೆಂಡತಿ ಹೋದಳು. ನಂಜನಗೂಡಿನಲ್ಲಿ ನನ್ನ ಕನ್ನಡಕದ ಅಂಗಡಿ, ನಾನು, ನನ್ನ ತಾಯಿ ಉಳಿದೆವು. ಫೋನು ಮಾಡಿದರೆ ಅವಳ ಅಕ್ಕಪಕ್ಕ ಯಾರಾದರೂ ಕೂತೇ ಇರುತ್ತಿದ್ದರು. ಊಟ ಆಯ್ತಾ, ಆಯ್ತು, ನಿಮ್ದು, ಆಯ್ತು. ಹೊಸ ಗಂಡ ಹೆಂಡತಿ ಆಡುವ ಮಾತೇ ಇದು?

ಹಾಗಿರುವಾಗ ಒಂದು ಸೋಮವಾರ ಮಾವನ ಫೋನು ಬಂತು. "ಅಳಿಯಂದ್ರೆ, ನಾಳೆ ಅಂಗ್ಡಿ ರಜಾ ಅಲ್ವಾ? ಅದಿನಾರು ಊರು ದಾಟಿದ ಮ್ಯಾಲೆ ಒಂದು ಕೆರೆ ಐತೆ, ಅಲ್ಲಿಗೆ ಬನ್ನಿ. ಮನೆ ಹೊಸ್ಲು ತಾನೇ ತುಳೀಬಾರ್ದು, ಕೆರೆಗೆಲ್ಲೈತೆ ಹೊಸ್ಲು?" ಎಂದರು. ಮಗಳನ್ನು ಕದ್ದು ತೋರಿಸಲು ಒಳ್ಳೆಯ ಮನುಷ್ಯ ಉಪಾಯ ಮಾಡಿದ್ದಾರೆ ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೈಸೂರು ಮಲ್ಲಿಗೆ ಕಟ್ಟಿಸಿಕೊಂಡು ಬೈಕಿನಲ್ಲಿ ಹೋದೆ. ಕೆರೆಯ ದಡದಲ್ಲಿ ಮಾವ ಚಡ್ಡಿ ಬನಿಯನ್ನಿನಲ್ಲಿ ನಿಂತು ಪಂಪು ಹೊಡೆಯುತ್ತಿದ್ದರು. ಮಗಳು ಇರಲಿಲ್ಲ.

"ಅವ್ಳನ್ನ ಯಾಕೆ ಕರ್ಕೊಂಡ್ ಬರ್ಲಿ? ಆಷಾಢ ಅಲ್ವಾ?" ಎಂದರು.

ಮೊದಲು ಅವರೇ ಪ್ರಯತ್ನಿಸಿದರು. ಮಾವ ದಪ್ಪ ಆಳು. ಹಲಗೆಯ ಮೇಲೆ ಮಂಡಿಯೂರಿದ ಕೂಡಲೇ ಹಲಗೆ ಅವರನ್ನು ಹೊತ್ತುಕೊಂಡು ಮರ್ಯಾದೆಯಿಂದ ನೀರಿನ ಕೆಳಗೆ ಹೋಯಿತು. ಎದ್ದು ಬಾಯಿ ಮುಕ್ಕಳಿಸಿ, ಮೀಸೆ ಒರೆಸಿಕೊಂಡು, ಇದು ನಿಮ್ಮಂಥ ಸಣ್ಣ ಮೈಯವರಿಗೆ ಮಾಡಿದ್ದು ಎಂದು ತೀರ್ಪು ಕೊಟ್ಟರು. ಕಪಿಲೆಯ ಸೋಪಾನಕಟ್ಟೆಯಲ್ಲಿ ಈಜು ಕಲಿತವನು ನಾನು, ನೀರಿನ ಭಯವಿಲ್ಲ. ಅದನ್ನು ಮದುವೆಗೆ ಮೊದಲು ಜಂಬದಿಂದ ಅವರ ಮುಂದೆ ಹೇಳಿದ್ದೆ ಬೇರೆ. ನಾನು ಒಂದು ಷರತ್ತು ಹಾಕಿದೆ. ಅವಳನ್ನು ಕರೆತಂದರೆ ಮಾತ್ರ ನೀರಿಗಿಳಿಯುತ್ತೇನೆ ಎಂದೆ. ಮಾವ ಬಹಳ ಹೊತ್ತು ಯೋಚಿಸಿ ಷರತ್ತನ್ನೇ ತಿರುಗಿಸಿ ಹಾಕಿದರು. "ನೀವು ನೀರು ಬುಟ್ಟು ಎದ್ದಿದ್ದನ್ನ ನಾನು ಈ ಕಣ್ಣಲ್ಲಿ ನೋಡ್ಬೇಕು. ನೋಡಿದ ಮಾರನೇ ದಿನ ಅವ್ಳನ್ನ ಕರ್ಕಂಡ್ ಬಂದು ಏರಿ ಮ್ಯಾಲೆ ನಿಲ್ಲುಸ್ತೀನಿ. ಅವರವ್ವಂಗೆ ನಾನ್ ಯೋಳ್ಕತೀನಿ." ಹೆಂಡತಿಯ ಮುಖ ನೋಡಲು ನೀರಿನ ಮೇಲೆ ಹಾರಬೇಕಾದ ಗಂಡ ಈ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಆಮೇಲಿನ ಮಂಗಳವಾರಗಳನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಪಡುವಣ ದಡದಿಂದ ಎದೆಮಟ್ಟದ ನೀರಿಗೆ ನಡೆದು, ಹಲಗೆಯ ಮೇಲೆ ಮಂಡಿಯೂರಿ, ರೆಕ್ಕೆಯನ್ನು ತಲೆಯ ಮೇಲೆ ಎತ್ತಿ, ಒಂದೊಂದೇ ಕಾಲಿಟ್ಟು ಏಳಬೇಕು. ಏಳುವಾಗ ಬೀಳುತ್ತಿದ್ದೆ. ಎದ್ದ ಮೇಲೆ ಬೀಳುತ್ತಿದ್ದೆ. ಬೀಳದೆ ಇದ್ದಾಗ ಗಾಳಿ ನನ್ನನ್ನು ಕಸದಂತೆ ಗುಡಿಸಿ ಎದುರಿನ ಏರಿಯ ಕಲ್ಲುಗಳ ಹತ್ತಿರ ಬಿಸಾಕುತ್ತಿತ್ತು. ಅಲ್ಲಿಂದ ಆ ಒಂಟಿಕಾಲಿನ ಹಲಗೆಯನ್ನು ತಲೆಯ ಮೇಲೆ ಹೊತ್ತು, ಒದ್ದೆ ಚಡ್ಡಿಯಲ್ಲಿ, ಏರಿಯ ಉದ್ದಕ್ಕೂ ನಡೆದು ಮತ್ತೆ ಮೊದಲಿನ ಜಾಗಕ್ಕೆ ಬರಬೇಕು. ಏರಿಯ ಮೇಲೆ ಎಮ್ಮೆ ಮೇಯಿಸುವ ಹೆಂಗಸರು ಕೂತಿರುತ್ತಿದ್ದರು. ಮೊದಲ ದಿನ ಒಬ್ಬಾಕೆ, "ಪಾಪ, ಬಟ್ಟೆ ಒಣಗಾಕಕ್ಕೆ ಬೇರೆ ಜಾಗ ಸಿಕ್ನಿಲ್ವಾ ಸಾ?" ಎಂದು ಕೇಳಿದಳು. ಆಮೇಲಾಮೇಲೆ ನನ್ನನ್ನು ನೋಡಿದರೆ ಎಮ್ಮೆಗಳೂ ತಲೆಯೆತ್ತುತ್ತಿರಲಿಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಮಾವನ ಬಾಯಿ. ಫಂಕ್ಷನ್ನುಗಳಿಗೆ ಬಾಡಿಗೆ ಕೊಡುವ ಕೈಮೈಕನ್ನು ತಂದು ದಡದಲ್ಲಿ ನಿಲ್ಲುತ್ತಿದ್ದರು. ಗಾಳಿ ಅವರ ಬೆನ್ನಿನಿಂದ ನನ್ನ ಕಡೆಗೆ ಬೀಸುತ್ತಿದ್ದುದರಿಂದ ಒಂದಕ್ಷರವೂ ಪೋಲಾಗುತ್ತಿರಲಿಲ್ಲ. ಬೆನ್ನು ಬಗ್ಗಿಸಿ, ಬೆನ್ನು ನೆಟ್ಟಗೆ ಮಾಡಿ, ಎಡಗಾಲು ಮುಂದೆ, ಅಲ್ಲಲ್ಲ ಬಲಗಾಲು... ಅದನ್ನೂ ಕಿವಿಗೆ ಹಾಕಿಕೊಳ್ಳದೆ ಇರುವುದನ್ನು ಕಲಿತೆ. ಆದರೆ ಒಂದು ಗಳಿಗೆ ಬರುತ್ತಿತ್ತು. ರೆಕ್ಕೆಯ ತುಂಬ ಗಾಳಿ ತುಂಬಿ, ತೋಳು ಎಳೆದಂತಾಗಿ, ಕಾಲ ಕೆಳಗಿನ ಹಲಗೆ ಹಗುರಾಗಿ ಇನ್ನೇನು ನೀರು ಬಿಡಬೇಕು, ಆಗ ಹಿಂದಿನಿಂದ ಮೈಕು ಸಿಡಿಯುತ್ತಿತ್ತು. "ಗಾಳಿ ಒಕ್ಕಂತು! ಬುಟ್ಬುಡೀ, ಬುಟ್ಬುಡೀ!" ಹಾಗೆ ಕಿರಿಚಿದರೆ ಯಾರ ಕೈಯಾದರೂ ಬಿಡದೆ ಇರುತ್ತದೆಯೇ? ಬಿಡುತ್ತಿದ್ದೆ. ರೆಕ್ಕೆ ಒಂದು ಕಡೆ, ನಾನು ಒಂದು ಕಡೆ. ಮೂಗಿನಲ್ಲಿ ನೀರು.

"ಯಾಕೆ ಮಾವ ಬಿಡು ಅಂತೀರಿ? ಬಿಡಬಾರದು, ಹಿಡೀಬೇಕು!" ಎಂದು ನೀರಿನಲ್ಲಿ ನಿಂತೇ ಅರಚಿದೆ.

"ಗೊತ್ತು ಕಣ್ರೀ. ವಿಡಿಯೋದಾಗೆ ನೋಡೀವ್ನಿ. ಬಟ್ಟೆ ಉಬ್ಬುದ್ ನೋಡುದ್ರೆ ಬಾಯಿ ತಂತಾನೇ ಓಗ್ಬುಡ್ತದೆ, ನಾನೇನ್ ಮಾಡ್ಲಿ?" ಎಂದರು. ಮುಂದಿನ ಸಲ ಕೂಗುವುದಿಲ್ಲ ಎಂದು ಕೆರೆಯ ಮೇಲೆ ಆಣೆ ಮಾಡಿದರು. ಮುಂದಿನ ಸಲ ರೆಕ್ಕೆ ಉಬ್ಬಿದಾಗ ಮತ್ತೆ ಅದೇ ಕೂಗು. ಅವರ ತಪ್ಪಲ್ಲ ಎಂದು ಈಗ ಹೇಳುತ್ತೇನೆ. ಆಗ ಹಲ್ಲು ಕಡಿಯುತ್ತಿದ್ದೆ.

ಒಂದು ಮಂಗಳವಾರ ಮಾವನಿಗೆ ಬರಲಾಗಲಿಲ್ಲ. ಕವಲಂದೆಯ ಕಡೆ ಯಾರದೋ ಮನೆಯ ಸಾವಿಗೆ ಕುರ್ಚಿ ಕಳಿಸಬೇಕಿತ್ತು. ಇವತ್ತು ಬೇಡ ಬಿಡಿ ಎಂದು ಬೆಳಿಗ್ಗೆಯೇ ಫೋನು ಮಾಡಿದ್ದರು. ಸಾಮಾನೆಲ್ಲ ಕೆರೆಯ ಪಕ್ಕದ ಅವರ ಪರಿಚಯದವರ ಪಂಪುಮನೆಯಲ್ಲೇ ಇತ್ತು. ಅವರು ಫೋನಿಟ್ಟ ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು ಬಂತು. ದನಿ ಗುಟ್ಟಾಗಿತ್ತು. ಕುಪ್ಪಸ ಹೊಲಿಸುವ ನೆಪ ಹೇಳಿ ಮನೆ ಬಿಟ್ಟಿದ್ದಾಳೆ, ಬಸ್ಸಿನಲ್ಲಿ ಕೂತಿದ್ದಾಳೆ, ಕೆರೆಯ ಹತ್ತಿರ ಇಳಿಯುತ್ತಾಳೆ! ನಾನು ಬೈಕು ಓಡಿಸಿದೆನೋ ಬೈಕು ನನ್ನನ್ನು ಓಡಿಸಿತೋ ಗೊತ್ತಿಲ್ಲ.

ಅವಳು ದಡದ ಹುಣಸೆಮರದ ಕೆಳಗೆ ಕೊಡೆ ಹಿಡಿದು ನಿಂತಿದ್ದಳು. ಎಷ್ಟೋ ಮಾತಾಡಬೇಕೆಂದುಕೊಂಡಿದ್ದೆವು. ಊಟ ಆಯ್ತಾ ಎಂದು ಕೇಳಿದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು, ಅಪ್ಪ ಮೂರು ಹೊತ್ತೂ ಇದೇ ಮಾತಾಡ್ತಾರೆ, ಅದೇನು ಮಾಡ್ತೀರೋ ಒಂದ್ಸಲ ಮಾಡಿ ತೋರಿಸಿ ಎಂದಳು. ಇಳಿದೆ. ಮಂಡಿಯೂರಿದೆ, ಎದ್ದೆ, ರೆಕ್ಕೆ ತುಂಬಿತು. ತೋಳು ಎಳೆಯಿತು. ಅಭ್ಯಾಸಬಲದಿಂದ ಬೈಗುಳಕ್ಕೆ ಕಾಯುವವನಂತೆ ಭುಜ ಕುಗ್ಗಿಸಿ ಕಾದೆ. ಯಾರೂ ಏನೂ ಕೂಗಲಿಲ್ಲ. ಹಲಗೆಯನ್ನು ಕಾಲಿನಿಂದ ಒಮ್ಮೆ ಒತ್ತಿ ಬಿಟ್ಟೆ, ಮತ್ತೊಮ್ಮೆ ಒತ್ತಿ ಬಿಟ್ಟೆ. ಅಷ್ಟು ದಿನ ಕಾಲ ಕೆಳಗೆ ಪಟಪಟ ಬಡಿಯುತ್ತಿದ್ದ ನೀರಿನ ಸದ್ದು ತಟ್ಟನೆ ನಿಂತುಹೋಯಿತು.

ನೀರು ಕೆಳಗಿತ್ತು. ನಾನು ಮೇಲಿದ್ದೆ. ಹುಣಸೆಮರದ ಮುಂದಿನಿಂದ ತೂಬಿನವರೆಗೆ ಹೋದೆ. ಸೈಕಲ್ಲಿನ ಎರಡೂ ಚಕ್ರ ನೆಲ ಬಿಟ್ಟರೆ ಹೇಗಿರಬಹುದೋ ಹಾಗಿತ್ತು. ತೂಬಿನ ಹತ್ತಿರ ತಿರುಗಿಸಲು ಬರದೆ ಬಿದ್ದೆ. ಎದ್ದು ನೋಡಿದರೆ ಹೆಂಡತಿ ಕೊಡೆ ಎಸೆದು ದಡದುದ್ದಕ್ಕೂ ಓಡಿ ಬರುತ್ತಿದ್ದಳು, ಕೊಡೆ ಗಾಳಿಗೆ ಬೇರೆ ದಿಕ್ಕಿಗೆ ಓಡುತ್ತಿತ್ತು. ನನ್ನ ಜೀವನದಲ್ಲಿ ಅಂಥ ಖುಷಿ ಆಮೇಲೆ ಮಗಳು ಹುಟ್ಟಿದಾಗ ಮಾತ್ರ ಆಗಿದೆ.

ಸಂಜೆ ತಡೆಯಲಾರದೆ ಮಾವನಿಗೆ ಫೋನು ಮಾಡಿದೆ. ಎದ್ದೆ ಮಾವ, ಹುಣಸೆಮರದಿಂದ ತೂಬಿನವರೆಗೆ ಹೋದೆ ಎಂದೆ. "ಯಾರ್ ನೋಡ್ದೋರು?" ಎಂದರು.

ಏನು ಹೇಳಲಿ? ನಿಮ್ಮ ಮಗಳು ಎಂದು ಬಾಯಿಗೆ ಬಂತು. ಹೇಳಿದರೆ ಆಷಾಢದಲ್ಲಿ ಮನೆಗೆ ಸುಳ್ಳು ಹೇಳಿ ಗಂಡನನ್ನು ನೋಡಲು ಬಂದಳೆಂದು ಅತ್ತೆ ಅವಳನ್ನು ಹುರಿದು ಮುಕ್ಕುತ್ತಾರೆ. ಮಾವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅವಳೇ ನನ್ನಿಂದ ಭಾಷೆ ತೆಗೆದುಕೊಂಡು ಬಸ್ಸು ಹತ್ತಿದ್ದಳು. ಎಮ್ಮೆಯವರೂ ಆವತ್ತು ಬಂದಿರಲಿಲ್ಲ. ಕೊಕ್ಕರೆಗಳಿದ್ದವು ಎಂದೆ.

"ಸುಮ್ಕಿರಿ ಅಳಿಯಂದ್ರೆ. ಎಂಡ್ತಿ ನೋಡೋ ಆಸೆಗೆ ಇಂಗೆಲ್ಲ ಯೋಳ್ಬಾರ್ದು," ಎಂದು ಫೋನಿಟ್ಟರು. ನಾನು ಗೋಡೆಗೆ ಗುದ್ದಿದೆ. ನಿಜ ಹೇಳಿ ಸುಳ್ಳನಾದೆ.

ಆಷಾಢದ ಕಡೆಯ ಮಂಗಳವಾರ ಹಟ ತೊಟ್ಟು ಹೋದೆ. ಮಾವ ಮೈಕು ಹಿಡಿದು ನಿಂತಿದ್ದರು. ನಂಬಿಕೆಯಿಲ್ಲದವರ ಮುಖ, ಆದರೆ ಕಣ್ಣಲ್ಲಿ ಆಸೆ. ರೆಕ್ಕೆ ತುಂಬಿತು, ಹಲಗೆ ಹಗುರಾಯಿತು, ಮೈಕು ಸಿಡಿಯಿತು, ನಾನು ಬಿದ್ದೆ. ಮತ್ತೆ ಅದೇ. ಮತ್ತೆ ಅದೇ. ಕೊನೆಗೆ ತಾಳ್ಮೆ ತಪ್ಪಿತು. ನೀವು ಬಾಯಿ ಮುಚ್ಚಿಕೊಂಡು ನಿಂತರೆ ಏಳುತ್ತೇನೆ, ನೀವಿರಲಿಲ್ಲ ಅಂತಲೇ ಆವತ್ತು ಎದ್ದದ್ದು ಎಂದು ಕೂಗಿಬಿಟ್ಟೆ. ಮಾವ ಮೈಕನ್ನು ನೆಲಕ್ಕಿಟ್ಟರು. ಹೆಗಲ ಮೇಲಿನ ಟವೆಲ್ಲು ತೆಗೆದು ಮಡಿಸಿ ಹಲ್ಲಿನ ನಡುವೆ ಕಚ್ಚಿಕೊಂಡು, ಎರಡೂ ಕೈ ಹಿಂದೆ ಕಟ್ಟಿ, ನನ್ನನ್ನೇ ನೋಡುತ್ತ ನಿಂತರು. ನಾನು ಹಲಗೆಯ ಮೇಲೆ ಮಂಡಿಯೂರಿ ರೆಕ್ಕೆ ಎತ್ತಿದೆ... ಗಾಳಿಯೇ ನಿಂತುಹೋಗಿತ್ತು. ಕತ್ತಲಾಗುವವರೆಗೂ ಕಾದೆವು. ಒಂದು ಎಲೆ ಅಲ್ಲಾಡಲಿಲ್ಲ. ಅಷ್ಟು ಹೊತ್ತೂ ಅವರು ಟವೆಲ್ಲು ತೆಗೆಯಲಿಲ್ಲ.

"ಮುಂದಿನ ಆಷಾಢಕ್ಕೆ ನೋಡನ ಬುಡಿ," ಎಂದರು, ಸಾಮಾನು ಕಟ್ಟುವಾಗ.

ಶ್ರಾವಣಕ್ಕೆ ಹೆಂಡತಿ ಮನೆಗೆ ಬಂದಳು. ನಿಜ ಹೇಳಿಬಿಡೋಣ ಎಂದು ನಾನಂದರೆ, ಗೌರಿಹಬ್ಬಕ್ಕೆ ಹೋದಾಗ ಹೇಳೋಣ ಎಂದಳು. ಗೌರಿಹಬ್ಬದಲ್ಲಿ ಅತ್ತೆ ಅಲುಗಾಡದೆ ಪಕ್ಕದಲ್ಲೇ ಕೂತಿದ್ದರು. ದೀಪಾವಳಿಗೆ ಎಂದುಕೊಂಡೆವು. ದೀಪಾವಳಿಯಲ್ಲಿ ಮದುವೆಗಳು ಶುರುವಾಗಿ ಮಾವ ಕೈಗೇ ಸಿಗಲಿಲ್ಲ. ಮುಂದಿನ ಆಷಾಢದಲ್ಲಿ ಹೇಗೂ ಕಣ್ಣಾರೆ ನೋಡುತ್ತಾರಲ್ಲ ಎಂಬ ಧೈರ್ಯವೂ ಇತ್ತು. ಆ ಮಾಘದಲ್ಲಿ ಯಾರದೋ ಮದುವೆಯ ಚಪ್ಪರಕ್ಕೆ ಹಗ್ಗ ಬಿಗಿಸುತ್ತಿದ್ದವರು ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತರಂತೆ. ಹಾಗೇ ಹೋದರು. ಅವರ ಮಣ್ಣಿಗೆಂದು ನೆರೆದ ಜನಕ್ಕೆ ಅವರದೇ ಶಾಮಿಯಾನ ಹಾಕಿದ್ದರು. ಆವತ್ತು ಗಾಳಿ ಇರಲಿಲ್ಲ. ನಾನು ಅಲ್ಲಿ ಕೂತು ಅತ್ತೆ. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿಗೆ ಅತ್ತೆ. ಇನ್ನು ನಾಲ್ಕೈದು ತಿಂಗಳು ತಡೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಆಮೇಲೆ ಹಲಗೆ, ರೆಕ್ಕೆ ತುಂಬಿ ಅಟ್ಟಕ್ಕೆ ಹಾಕಿದ ಆ ಚೀಲವನ್ನು ನಾನು ಬಿಚ್ಚಿಲ್ಲ. ಎಷ್ಟೋ ಆಷಾಢಗಳು ಬೀಸಿ ಹೋದವು. ಏಳಬಹುದು, ಏಳುವುದು ಹೇಗೆಂದು ಗೊತ್ತಿದೆ. ಆದರೆ ಯಾರಿಗೆ ತೋರಿಸಲು?

ಅಟ್ಟ ಹತ್ತಿ ಕೂತೆನೆಂದೆನಲ್ಲ, ಅದೇ ವಾರ ಅಂಗಡಿಗೆ ವಯಸ್ಸಾದ ಒಬ್ಬರು ಕಣ್ಣು ತೋರಿಸಲು ಬಂದರು. ಟಿ. ನರಸೀಪುರದವರು, ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿ ಇಟ್ಟಿದ್ದವರಂತೆ. ಕುರ್ಚಿಯ ಮೇಲೆ ಕೂರಿಸಿ ಗಾಜು ಬದಲಿಸುತ್ತಿದ್ದಾಗ ನನ್ನನ್ನೇ ದಿಟ್ಟಿಸಿ ನೋಡಿ, "ನೀವು ಶಾಮಿಯಾನದೋರ ಅಳಿಯ ಅಲ್ವಾ ಸಾ?" ಎಂದರು. ಹೌದೆಂದೆ. ಅವರ ಮುಖ ಅರಳಿತು. "ನೀರ್ ಮ್ಯಾಲೆ ಆರಿದ್ರಂತಲ್ಲ ನೀವು! ಉಣಸೇಮರದಿಂದ ತೂಬಿನಗಂಟ! ನಮ್ಮ ಅಂಗ್ಡಿಲಿ ಟೀ ಕುಡ್ಯಕ್ ಬಂದಾಗೆಲ್ಲ ಅದೇ ಮಾತು ಅವರದು. ನಾನೇ ಮುಂದೆ ನಿಂತ್ಕಂಡು ನೋಡ್ದೆ ಅನ್ನೋರು. ಗಾಳಿ ಒಕ್ಕಂತು, ಇಡ್ಕಳಿ ಅಳಿಯಂದ್ರೆ, ಬುಡಬ್ಯಾಡಿ ಇಡ್ಕಳಿ ಅಂತ ಕೂಗ್ದೆ, ಎದ್ದೇಬುಟ್ರು ಅನ್ನೋರು."

ನನ್ನ ಕೈಯಲ್ಲಿದ್ದ ಗಾಜು ಹಾಗೇ ನಿಂತಿತು. ನನ್ನೆದುರು ನಂಬಲಿಲ್ಲ, ಊರಿಗೆಲ್ಲ ಸಾರಿಕೊಂಡು ಬಂದರು! ಅದೂ ತಮ್ಮದೇ ಸಾಧನೆ ಎಂಬಂತೆ! ಇಡ್ಕಳಿ ಎಂದರಂತೆ. ಆ ಒಂದು ಮಾತನ್ನು ಒಂದೇ ಒಂದು ಮಂಗಳವಾರ ಕೂಗಿದ್ದರೆ... ಸಿಟ್ಟು ಬಂದದ್ದು ನಿಜ.

"ದಿಟವಾ ಸಾ? ಅವರು ಒಸಿ ಬುರುಡೆ ಬುಡೋರು, ಅದಕ್ ಕೇಳ್ದೆ," ಎಂದರು ಅವರು.

ದಿಟ, ಅವರು ಹಾಗೆ ಕೂಗಿದ್ದಕ್ಕೇ ಎದ್ದೆ ಎಂದೆ. ಆಮೇಲೆ ಬೋರ್ಡಿನ ಕೆಳಗಿನ ಸಾಲು ಓದಿಸಿದೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಮಗಳ ತಲೆ ಬಾಚುತ್ತಿದ್ದಳು. ನಿಮ್ಮಪ್ಪ ಎಂಥ ಸುಳ್ಳುಗಾರ ನೋಡು, ಆವತ್ತು ಕೆರೆಯ ಹತ್ತಿರವೇ ಸುಳಿಯದವರು, ಮುಂದೆ ನಿಂತು ನೋಡಿದೆ ಅಂತ ಊರಿಗೆಲ್ಲ ಹೇಳಿದ್ದಾರೆ ಎಂದು ರೇಗಿದೆ. ಅವಳು ಬಾಚಣಿಗೆ ನಿಲ್ಲಿಸಿ, ಅದಕ್ಕೆ ನೀವೇನಂದ್ರಿ ಎಂದು ಕೇಳಿದಳು. ದಿಟ ಅಂದೆ ಎಂದೆ.

"ಇದ್ರು ಕಣ್ರೀ," ಎಂದಳು. "ನಾನೇ ನೋಡಿದೀನಲ್ಲ."